ಮೈಲಾರಯ್ಯನ ನಾಯಿಯ ಗಾದಿ

ಹುಕ್ಕೇರಿ
೧೨ ಜನೇವರಿ ೧೯೩೪

ಬೀರಸಿದ್ದಪ್ಪನವರಿಗೆ,

ಮೊನ್ನೆ ನಿಮ್ಮ ಹಟ್ಟಿಯಿಂದ ಊಟ ಮಾಡದೆ ಎದ್ದು ಬಂದೆ. ಆ ವಿಷಯ ಈ ಪತ್ರದಲ್ಲಿ ಬೇಡ. ಬರೆಯಬೇಕಾದದ್ದು ನಿಮ್ಮ ನಾಯಿಯ ಬಗ್ಗೆ.

ನನ್ನ ಮಗಳು ಚನ್ನವ್ವನ ಬಲಗೈ ಮಣಿಕಟ್ಟಿಗೆ ಎರಡು ಕಡೆ ಹಲ್ಲು ತಾಗಿವೆ. ಒಂದು ಬರೀ ತರಚು. ಇನ್ನೊಂದರಿಂದ ರಕ್ತ ಬಂದಿತ್ತು. ನಿಮ್ಮ ಮನೆಯಾಕೆ ಅಲ್ಲವ್ವ, ನಿಮ್ಮ ದೇವರು ಮೈಲಾರಯ್ಯನ ಭಂಡಾರ ಮೆತ್ತಿ ಕಟ್ಟಿದ ಬಟ್ಟೆಯನ್ನು ಇಲ್ಲಿಯ ದವಾಖಾನೆಯ ಡಾಕ್ಟರರು ಮೊದಲು ಬಿಚ್ಚಿಸಿದರು. "ಅರಿಷಿಣ ಪಲ್ಯಾಕ್ಕ ಹಾಕ್ರಿ, ಗಾಯಕ್ಕ ಯಾಕ ಹಾಕ್ತೀರಿ?" ಎಂದು ನನ್ನ ಮೇಲೆ ರೇಗಿದರು. ಸಾಬೂನು ಹಚ್ಚಿ, ಕೊಡದಿಂದ ನೀರು ಸುರಿಯುತ್ತಾ ಬಹಳ ಹೊತ್ತು ತೊಳೆದರು. ಕೂಸು ದವಾಖಾನೆ ಹಾರಿಹೋಗುವಂತೆ ಅತ್ತಿತು. ಆಮೇಲೆ ಕಾರ್ಬಾಲಿಕ್ ಔಷಧ ಮುಟ್ಟಿಸಿದರು. ಕಚ್ಚಿದ ಕೂಡಲೇ ನಿಮ್ಮ ಬಾವಿಯ ದಂಡೆಯ ಮೇಲೆಯೇ ಹೀಗೆ ತೊಳೆದಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತಂತೆ. ಬರೆ ಹಾಕಬಾರದು, ಖಾರದ ಪುಡಿ ತುಂಬಬಾರದು, ಗಾಯವನ್ನು ಬಿಗಿದು ಕಟ್ಟಬಾರದು ಎಂದೂ ಹೇಳಿದರು.

"ನಾಯಿ ಏನು ಮಾಡಿದ್ರಿ?" ಎಂದು ಕೇಳಿದರು. ಹೊಡೆದು ಹಾಕಲು ಹೇಳಿ ಬಂದಿದ್ದೇನೆ ಎಂದೆ. "ಭಾಳ ಶ್ಯಾಣ್ಯಾ ಅದೀರಿ. ನಾಯಿ ಹೊಡದ್ರ ಇನ್ನ ಯಾರನ್ನ ಕೇಳೂಣು?" ಎಂದರು.

ವಿಷಯ ಇಷ್ಟು. ಹುಚ್ಚಿನ ವಿಷ ನಾಯಿಯ ಜೊಲ್ಲಿನಲ್ಲಿ ಇರುತ್ತದೆ. ಹಾಗೆ ವಿಷವಿದ್ದ ನಾಯಿ ಕಚ್ಚಿದ ಮೇಲೆ ಹತ್ತು ದಿನ ಬಾಳುವುದಿಲ್ಲ. ಹತ್ತು ದಿನ ಕಳೆದರೂ ನಾಯಿ ಅರಾಮಿದ್ದರೆ ಚನ್ನವ್ವನಿಗೆ ಭಯವಿಲ್ಲ. ಅದು ಸತ್ತರೆ, ಅಥವಾ ಕಾಣೆಯಾದರೆ, ಅವಳನ್ನು ಬೆಳಗಾವಿಗೆ ಒಯ್ದು ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಬೇಕು. ತಡವಾಗಿ ರೋಗ ಎದ್ದರೆ ಯಾವ ಡಾಕ್ಟರನ ಬಳಿಯೂ ಔಷಧವಿಲ್ಲ.

ಆ ನಾಯಿಯ ಮೇಲೆ ಬಡಿಗೆ ಎತ್ತಿದವನು ನಾನು. ಅದು ಬದುಕಿರಲಿ ಎಂದು ಈಗ ಬೇಡಿಕೊಳ್ಳುವವನೂ ನಾನೇ. ಗೋಡೆ ಹಿಡಿದು ಏಳುವ ಮುದಿ ನಾಯಿ. ಪ್ರತಿ ಸಲ ಬಂದಾಗ ಇವಳ ಕೈಯಿಂದಲೇ ರೊಟ್ಟಿ ತಿಂದಿದೆ. ಅಂದು ಯಾಕೆ ಕಚ್ಚಿತು? ಈ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅದನ್ನು ಕಟ್ಟಿಹಾಕಿ, ಅನ್ನ ನೀರು ಕೊಟ್ಟು, ಹೇಗಿದೆ ಎಂದು ಅಣ್ಣಪ್ಪ ಮಾಸ್ತರರ ಕೈಯಿಂದ ಕೂಡಲೇ ಬರೆಸಿ.

ಮುರಿಗೆಪ್ಪ

*

ಮೂಡಲಗಿ
೧೭ ಜನೇವರಿ ೧೯೩೪

ಕಂಬಳಿ ವ್ಯಾಪಾರದ ಮುರಿಗೆಪ್ಪನವರಿಗೆ ಬೀರಸಿದ್ದಪ್ಪ ಬರೆಸಿದ್ದು.

ನಿಮ್ಮ ಪತ್ರವನ್ನು ಮಾಸ್ತರರು ಓದಿ ಹೇಳಿದರು. ಇಪ್ಪತ್ತು ವರ್ಷ 'ಬೀರಾ' ಎಂದು ಕರೆದವರು ಈಗ 'ನೀವು' ಎಂದು ಬರೆದಿದ್ದೀರಿ. ಆಗಲಿ, ನಾನೂ ಹಾಗೇ ಬರೆಸುತ್ತೇನೆ.

ಮೈಲಾರಯ್ಯನ ನಾಯಿ ಅರಾಮಿದೆ. ತನ್ನ ಗಾದಿಯ ಮೇಲೆ ಇದೆ. ಕೊರಳಲ್ಲಿ ಕವಡೆಯ ಪಟ್ಟಿ, ಗಂಟೆ ಇವೆ. ಹಾಲು ಕುಡಿಯುತ್ತದೆ. ನಮ್ಮ ಮನೆತನದಲ್ಲಿ ಆ ಗಾದಿ ಎಂದೂ ಬರಿದಾಗಿಲ್ಲ, ಮುಂದೆಯೂ ಆಗುವುದಿಲ್ಲ. ಕೂಸಿಗೆ ಏನೂ ಆಗುವುದಿಲ್ಲ. ದೇವರ ನಾಯಿಯ ಹಲ್ಲು ತಾಗಿದ್ದಕ್ಕೆ ನಾವು ಹೆದರುವವರಲ್ಲ, ನೀವೂ ಹೆದರಬೇಡಿ.

ನೀವು ಉಣ್ಣದೆ ಹೋದ ದಿನ ಅಲ್ಲವ್ವನೂ ಉಣ್ಣಲಿಲ್ಲ.

ಬೀರಸಿದ್ದಪ್ಪನ ಹೆಬ್ಬೆಟ್ಟು

ಮಾಸ್ತರನ ಟಿಪ್ಪಣಿ: ಅವರು ಹೇಳಿದಷ್ಟನ್ನೇ ಬರೆದಿದ್ದೇನೆ. ಹಟ್ಟಿ ಊರಿನಿಂದ ದೂರ, ನಾನು ಈ ಊರಿಗೆ ಹೊಸಬ, ನಾಯಿಯನ್ನು ಕಣ್ಣಾರೆ ನೋಡಿಲ್ಲ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದರಿಂದ ಇದು ಎಡಗೈ ಹೆಬ್ಬೆಟ್ಟು. ಅಣ್ಣಪ್ಪ.

*

ಹುಕ್ಕೇರಿ
೨೦ ಜನೇವರಿ ೧೯೩೪

ಬೀರಸಿದ್ದಪ್ಪನವರಿಗೆ,

ನಿಮ್ಮ ಪತ್ರ ಬಂತು. ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಒಡೆದು ಓದಿದೆ. ಓದಿದ ಮೇಲೆ ಕಂಬಳಿಯ ಪೆಂಡಿಯ ಮೇಲೆ ಕುಳಿತುಬಿಟ್ಟೆ. ಶಿವವ್ವ ಒಳಗಿನಿಂದ, "ಹಾಲು ಕುಡಿತೈತಂತೇನ್ರಿ? ಖರೇನ?" ಎಂದು ಮೂರು ಸಲ ಕೇಳಿದಳು.

ಅಂದು ಆಡಿದ ಮಾತು ಹೆಚ್ಚಾಯಿತು. ಮಗಳ ಕೈಯಲ್ಲಿ ರಕ್ತ ಕಂಡವನ ಬಾಯಿ ಅದು. ನೀವು ನಾಯಿಗೆ ಅಡ್ಡ ನಿಂತದ್ದೇ ಒಳ್ಳೆಯದಾಯಿತು.

ಡಾಕ್ಟರರು ಕೆಲವು ಮಾತು ಕೇಳಿದ್ದಾರೆ, ಅವಕ್ಕೂ ಉತ್ತರ ಬರೆಸಿ. ನಾಯಿ ನೀರು ನುಂಗುತ್ತದೆಯೋ, ಬರೀ ಮೂತಿ ಅದ್ದುತ್ತದೆಯೋ? ಬೊಗಳುವ ಧ್ವನಿ ಬದಲಾಗಿದೆಯೇ? ಕೆಳಗಿನ ದವಡೆ ಜೋತುಬಿದ್ದಿದೆಯೇ? ಕತ್ತಲೆ ಮೂಲೆ ಹುಡುಕುತ್ತದೆಯೇ?

ಚನ್ನವ್ವನ ಗಾಯ ಒಣಗುತ್ತಿದೆ. "ಆ ನಾಯಿಗೆ ನನ್ನ ಮ್ಯಾಲ ಯಾಕ ಸಿಟ್ಟು?" ಎಂದು ಕೇಳುತ್ತಾಳೆ. ಆರು ವರ್ಷದವಳಿಗೆ ಏನು ಹೇಳಲಿ?

ಮುರಿಗೆಪ್ಪ

*

ಮೂಡಲಗಿ
೨೩ ಜನೇವರಿ ೧೯೩೪

ಮುರಿಗೆಪ್ಪನವರಿಗೆ ಬೀರಸಿದ್ದಪ್ಪ ಬರೆಸಿದ್ದು.

ನೀವು ಕೇಳಿದ್ದಕ್ಕೆಲ್ಲ ಉತ್ತರ. ನೀರನ್ನು ಗಟಗಟ ಕುಡಿಯುತ್ತದೆ. ದವಡೆ ನೆಟ್ಟಗಿದೆ. ಧ್ವನಿ ಸಣ್ಣದು, ಆದರೆ ಬಾಯಿ ಬಹಳ. ಕತ್ತಲೆ ಮೂಲೆ ಎಲ್ಲಿಯದು? ದಿನವಿಡೀ ಕುರಿಮರಿಗಳ ಹಿಂದೆ ಓಡುತ್ತದೆ. ರೊಟ್ಟಿ ಎತ್ತಿ ಹಿಡಿದರೆ ನನ್ನ ಎದೆಯೆತ್ತರ ಹಾರುತ್ತದೆ. ನಿನ್ನೆ ಅಲ್ಲವ್ವನ ಸೆರಗು ಕಚ್ಚಿ ಎಳೆದು ಹರಿಯಿತು. "ನಿನ್ನ ದೇವರ ನಾಯಿಗೆ ಸ್ವಲ್ಪ ಬುದ್ಧಿ ಹೇಳು" ಎಂದು ಅವಳು ನನ್ನನ್ನೇ ಬೈದಳು.

ಇನ್ನು ಮನಸ್ಸು ಹಗುರ ಮಾಡಿಕೊಳ್ಳಿ. ಅಮಾವಾಸ್ಯೆ ಕಳೆದ ಮೇಲೆ ಕಂಬಳಿ ತರುತ್ತೇನೆ. ಕೂಸಿಗೆ ಒಂದು ಸಣ್ಣ ಬಿಳಿಯ ಕಂಬಳಿ ಬೇರೆ ನೇಯಿಸಿದ್ದೇನೆ.

ಬೀರಸಿದ್ದಪ್ಪನ ಹೆಬ್ಬೆಟ್ಟು

*

ಹುಕ್ಕೇರಿ
೨೬ ಜನೇವರಿ ೧೯೩೪

ಬೀರಾ,

ನಿನ್ನ ಪತ್ರವನ್ನು ಶಿವವ್ವನಿಗೆ ಓದಿ ಹೇಳುತ್ತಾ ನಗುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಗ್ವಾಡಿ ಹಿಡದ ಏಳೂ ನಾಯಿ ಎದಿಮಟ ಹಾರತೈತೇನ್ರಿ?" ಎಂದಳು.

ನನ್ನ ನಗು ಅಲ್ಲೇ ನಿಂತಿತು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು, ಇಬ್ಬರೂ ತೆಗೆಯಲಿಲ್ಲ.

ಗಾದಿಯ ಮೇಲೆ ಈಗ ಇರುವುದು ಯಾವ ನಾಯಿ? ನನ್ನ ಮಗಳನ್ನು ಕಚ್ಚಿದ ನಾಯಿ ಎಲ್ಲಿ?

ಈ ಪತ್ರವನ್ನು ಅಂಚೆಗೆ ಹಾಕದೆ ನಮ್ಮ ಅಂಗಡಿಯ ಕೆಂಚಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಉತ್ತರ ತೆಗೆದುಕೊಂಡು ಅವನು ಘಟಪ್ರಭಾ ಠೇಸಣದಿಂದ ನೇರವಾಗಿ ಬೆಳಗಾವಿಗೆ ಬರುತ್ತಾನೆ. ನಾನು ಉತ್ತರಕ್ಕೆ ಕಾಯುವುದಿಲ್ಲ. ನಾಳೆ ಬೆಳಗಿನ ಮೋಟಾರಿಗೆ ಚನ್ನವ್ವನನ್ನು ಕರೆದುಕೊಂಡು ಹೊರಡುತ್ತೇನೆ. ಆಗಲೇ ಎಷ್ಟೋ ದಿನ ಕಳೆದುಕೊಂಡಿದ್ದೇವೆ.

ನನ್ನ ಮೇಲಿನ ಸಿಟ್ಟಿಗೆ ಇದನ್ನು ಮಾಡಿದೆಯೇನು? ಅಲ್ಲವೆಂದು ಬರೆ. ಖರೆ ಏನೆಂದು ಬರೆ.

ಮುರಿಗೆಪ್ಪ

*

ಮೂಡಲಗಿ
೨೭ ಜನೇವರಿ ೧೯೩೪

ಮುರಿಗೆಪ್ಪಣ್ಣಗೆ,

ಮಾಸ್ತರನ ಮಾತು: ಬೀರಸಿದ್ದಪ್ಪನವರು ಆಡಿದ್ದನ್ನು ಈ ಸಲ ತಿದ್ದದೆ, ಅವರ ಬಾಯಿಂದ ಬಂದಂತೆಯೇ ಬರೆಯುತ್ತಿದ್ದೇನೆ.

"ಸಿಟ್ಟಿಗೆ ಮಾಡಲಿಲ್ಲೋ ಅಣ್ಣಾ. ಮೈಲಾರಯ್ಯನಾಣಿ ಮಾಡಲಿಲ್ಲ. ಕೆಂಚಪ್ಪ ನನ್ನ ಮುಂದ ಕುಂತಾನ, ನನ್ನ ಮಾರಿ ನೋಡಾಕತ್ತಾನ, ಅವನ್ನ ಕೇಳು.

"ನಮ್ಮ ಮನ್ಯಾಗ ದೇವರ ನಾಯಿ ಸತ್ತಿತು ಅಂತ ಅನ್ನಂಗಿಲ್ಲ. ನಮ್ಮಪ್ಪ ಅಂದಿಲ್ಲ, ಅವರಪ್ಪ ಅಂದಿಲ್ಲ. ಒಂದು ಹ್ವಾದ್ರ ಅದ ದಿನಾ ಹೊತ್ತು ಮುಣಗೂದ್ರಾಗ ಹಟ್ಟ್ಯಾಗ ಬೆಳದ ಮರಿ ತಂದು ಗಾದಿ ಮ್ಯಾಲ ಕುಂದರಸ್ತೀವಿ. ಅದರ ಪಟ್ಟಿ, ಅದರ ಗಂಟಿ ಇದಕ್ಕ ಕಟ್ಟತೀವಿ. ಅಳಂಗಿಲ್ಲ, ಊರಾಗ ಹೇಳಂಗಿಲ್ಲ. ಯಾರರ ನಾಯಿ ಹೆಂಗೈತಿ ಅಂದ್ರ ಅರಾಮ ಐತಿ ಅನ್ನೂದು. ಊರವರಿಗೆ ಗೊತ್ತೈತಿ, ಅವರು ಮತ್ತ ಕೇಳಂಗಿಲ್ಲ. ನಿನಗ ಗೊತ್ತಿಲ್ಲಂತ ನನಗ ಹೊಳೀಲಿಲ್ಲ. ನೀ ಕೇಳಿದಿ, ನಾ ಹೇಳಿದೆ. ಸುಳ್ಳ ಹೇಳಾಕತ್ತೇನಿ ಅಂತ ನನ್ನ ಮನಸಿಗೆ ಬರಲೇ ಇಲ್ಲ.

"ಆ ಮುದಿ ನಾಯಿ ನೀ ಹ್ವಾದ ಮಾರನೇ ದಿನ ತಿನ್ನೂದು ಬಿಟ್ಟಿತು. ಕಾಳಿನ ಹಗೇದ ಕತ್ತಲ ಮೂಲ್ಯಾಗ ಹೋಗಿ ಬಿತ್ತು. ಬಾಯಿ ಮುಚ್ಚಾಕ ಬರವಲ್ದು, ಜೊಲ್ಲು ಸುರಿಯಾಕತ್ತಿತ್ತು. ಯಾರಿಗೂ ಬೊಗಳಲಿಲ್ಲ, ಯಾರ ಮೈಮ್ಯಾಲೂ ಬರಲಿಲ್ಲ. ಹುಚ್ಚ ಹೆಂಗ ಅನ್ನಲಿ? ಗಂಟಲಾಗ ಎಲವು ಸಿಕ್ಕೈತಿ ಅಂತ ತಿಳದು ಬಾಯಾಗ ಕೈ ಹಾಕಿ ಮಣಿಕಟ್ಟಿನಮಟ ಹುಡಿಕ್ಯಾಡಿದೆ. ಎಲವು ಸಿಗಲಿಲ್ಲ. ಹಲ್ಲಿಗೆ ತಾಗಿ ಕೈಮ್ಯಾಲ ನಾಕು ಗೀರು ಬಿದ್ದಾವು. ಅದು ಕಚ್ಚಿದ್ದಲ್ಲ ಮತ್ತ, ನಾನ ಹಾಕಿದ ಕೈ. ಸಂಕ್ರಾಂತಿ ದಿನ ಹೋತು.

"ಕೂಸಿನ್ನ ಉಳಿಸ್ಕೋ ಅಣ್ಣಾ. ಅಕೀಗೇನರ ಆದ್ರ ನಾ ಯಾವ ದೇವರ ಮುಂದ ನಿಲ್ಲಲಿ?"

ಬೀರಸಿದ್ದಪ್ಪನ ಎಡಗೈ ಹೆಬ್ಬೆಟ್ಟು

*

ಬೆಳಗಾವಿ
೩೦ ಜನೇವರಿ ೧೯೩೪

ಬೀರಾ,

ಕೆಂಚಪ್ಪ ನಿನ್ನೆ ಬಂದು ನಿನ್ನ ಪತ್ರ ಕೊಟ್ಟ. ಚನ್ನವ್ವನಿಗೆ ಸೂಜಿ ಆಗಲೇ ಶುರುವಾಗಿದೆ. ಹೊಟ್ಟೆಯ ಮೇಲೆ ದಿನಕ್ಕೊಂದು. ಇಬ್ಬರು ಹಿಡಿದುಕೊಳ್ಳಬೇಕು, ಅದರಲ್ಲಿ ಒಬ್ಬ ನಾನು. ತಡವಾಗಿದೆ, ಆದರೆ ಕೈ ಬಿಡುವಷ್ಟು ತಡವಾಗಿಲ್ಲ ಎಂದು ಡಾಕ್ಟರರು ಹೇಳುತ್ತಾರೆ. ನಿನ್ನ ಪದ್ಧತಿಯ ಬಗ್ಗೆ ನನಗೆ ಈಗ ಸಿಟ್ಟಿಲ್ಲ. ಸಿಟ್ಟಿಗೆ ಜಾಗವೇ ಉಳಿದಿಲ್ಲ.

ನಿನ್ನ ಕೈಯ ಬಗ್ಗೆ ಬರೆಯುತ್ತೇನೆ. ಸರಿಯಾಗಿ ಕೇಳು.

ಪತ್ರದ ಆ ಭಾಗವನ್ನು ಇಲ್ಲಿಯ ಡಾಕ್ಟರರಿಗೆ ಓದಿ ಹೇಳಿದೆ. ಓದಿ ಮುಗಿಸುವ ಮೊದಲೇ ಅವರು ಕುರ್ಚಿಯಿಂದ ಎದ್ದರು. "ಎಲುಬು ಸಿಕ್ಕಿದಂಗ ಬಾಯಿ ಬಿಟ್ಟ ನಾಯಿ! ಅದರ ಬಾಯಾಗ ಕೈ ಹಾಕಿದ್ರಂತೇನು? ಅವರು ಎಲ್ಲಿ ಅದಾರ? ಇನ್ನೂ ಯಾಕ ಬಂದಿಲ್ಲ?" ಎಂದರು. ಹುಚ್ಚು ಎಂದರೆ ಓಡಿ ಬಂದು ಕಚ್ಚುವುದು ಮಾತ್ರ ಅಲ್ಲವಂತೆ. ದವಡೆ ಜೋತುಬಿಟ್ಟು, ಮೂಲೆಯಲ್ಲಿ ಮಂಕಾಗಿ ಬೀಳುವುದೂ ಹುಚ್ಚೇ. ಜನ ಎಲುಬು ಎಂದುಕೊಂಡು ಕೈ ಹಾಕುತ್ತಾರೆ, ಕಚ್ಚಿಲ್ಲವಲ್ಲ ಎಂದುಕೊಂಡು ಮನೆಯಲ್ಲಿ ಉಳಿಯುತ್ತಾರೆ. ಹಲ್ಲು ನಿನ್ನ ಕೈಗೆ ಬಂದರೇನು, ನಿನ್ನ ಕೈ ಹಲ್ಲಿಗೆ ಹೋದರೇನು, ಗೀರಿನೊಳಗೆ ಜೊಲ್ಲು ಇಳಿಯಿತೆಂದರೆ ಎರಡೂ ಒಂದೇ. ಚನ್ನವ್ವನಿಗೆ ಎರಡು ಹಲ್ಲು ತಾಗಿವೆ. ನಿನಗೆ ನಾಲ್ಕು ಗೀರು ಬಿದ್ದಿವೆ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತೇನೆ. ಇಲ್ಲಿ ಕೊನೆಯ ಕೋಣೆಯಲ್ಲಿ ಸಂಕೇಶ್ವರದ ಕಡೆಯ ಒಬ್ಬ ರೈತ ಇದ್ದ. ಸುಗ್ಗಿಗೆ ಮೊದಲು ನರಿ ಕಚ್ಚಿತ್ತಂತೆ, ಮನೆಮದ್ದು ಮಾಡಿ ಮರೆತಿದ್ದ. ನೀರಡಿಸಿ ನೀರು ನೀರು ಎಂದು ಕೂಗುತ್ತಿದ್ದ. ಹೆಂಡತಿ ತಂಬಿಗೆ ತಂದರೆ, ತಂಬಿಗೆ ಕಂಡ ಕೂಡಲೇ ಗಂಟಲು ಹಿಡಿದುಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಬುದ್ಧಿ ನೆಟ್ಟಗಿತ್ತು. "ಸಿಟ್ಟಾಗಬ್ಯಾಡ, ನನಗ ಕುಡಿಯಾಕ ಆಗವಲ್ದು" ಎಂದು ಅವಳನ್ನು ಸಮಾಧಾನ ಮಾಡುತ್ತಿದ್ದ. ನಿನ್ನೆ ಬೆಳಿಗ್ಗೆ ಹೋದ.

ಆ ಗೋಡೆಯ ಈಚೆ ನನ್ನ ಮಗಳು ಮಲಗಿದ್ದಳು.

ನೀನು ಈ ಪತ್ರ ಕೇಳಿದ ದಿನವೇ ಹೊರಡು. ಇನ್ನೊಂದು ಮಾತು. ಮುದಿ ನಾಯಿ ಸಾಯುವ ಮೊದಲು ಆ ಮರಿಯನ್ನು ನೆಕ್ಕಿರಬಹುದು, ಕಚ್ಚಿರಬಹುದು. ಮರಿಯನ್ನು ಆರು ತಿಂಗಳು ಬೇರೆ ಕಟ್ಟಬೇಕು. ಕೂಸುಗಳನ್ನು ಅದರ ಹತ್ತಿರ ಬಿಡಬಾರದು. ರೊಟ್ಟಿಯನ್ನು ಕೈಯಿಂದ ತಿನ್ನಿಸಬಾರದು.

ಮುರಿಗೆಪ್ಪ

*

ಮೂಡಲಗಿ
೨ ಫೆಬ್ರುವರಿ ೧೯೩೪

ಮುರಿಗೆಪ್ಪಣ್ಣನಿಗೆ ಬೀರಸಿದ್ದಪ್ಪ ಬರೆಸಿದ್ದು.

ಕೂಸಿಗೆ ಸೂಜಿ ನಡೆದಿದೆ ಎಂದು ಕೇಳಿ ಅಲ್ಲವ್ವ ದೀಪ ಹಚ್ಚಿದಳು. ಮರಿಯನ್ನು ನೀನು ಹೇಳಿದಂತೆ ಬೇರೆ ಕಟ್ಟಿದ್ದೇನೆ. ಗಾದಿಯನ್ನೂ ಅಲ್ಲಿಗೇ ಸರಿಸಿದ್ದೇನೆ.

ನನ್ನ ಸುದ್ದಿ ಬಿಡು. ಕೈ ಮಾಯ್ದಿದೆ, ಬಟ್ಟೆ ಬಿಚ್ಚಿದ್ದೇನೆ. ಅರಭಾವಿಯ ಉದ್ದಪ್ಪಗೌಡರ ಹೊಲದಲ್ಲಿ ರಾತ್ರಿ ಕುರಿ ಕೂಡಿಹಾಕಿ ತರುಬುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅವರು ಹೊಲ ಬಿತ್ತದೆ ಗೊಬ್ಬರಕ್ಕೆ ಕಾಯುತ್ತಿದ್ದಾರೆ. ಕುರಿಯನ್ನು ಯಾರ ಕೈಗೆ ಬಿಟ್ಟು ಹದಿನಾಲ್ಕು ದಿನ ಬರಲಿ? ಅಲ್ಲದೆ ಮೈಲಾರಯ್ಯ ತನ್ನ ನಾಯಿಯ ಬಾಯಿಂದ ನನಗೆ ವಿಷ ಕೊಡುತ್ತಾನೆ ಎಂದು ನಾನು ನಂಬಿ ಸೂಜಿ ಹಾಕಿಸಿಕೊಂಡರೆ, ನಾಳೆ ಅವನ ಗಂಟೆಯನ್ನು ಯಾವ ಕೈಯಿಂದ ಮುಟ್ಟಲಿ?

ಬೀರಸಿದ್ದಪ್ಪನ ಎಡಗೈ ಹೆಬ್ಬೆಟ್ಟು

ಮಾಸ್ತರನ ಟಿಪ್ಪಣಿ: ಸಂಕೇಶ್ವರದ ರೈತನ ಸುದ್ದಿಯನ್ನು ಅವರು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ನೀರು ಕೇಳಿದರು. ಕೊಟ್ಟೆ. ಪೂರ್ತಿ ಕುಡಿದು, ಖಾಲಿ ತಂಬಿಗೆಯ ಒಳಗೆ ಬಹಳ ಹೊತ್ತು ನೋಡುತ್ತಾ ಕುಳಿತರು. ಬಟ್ಟೆ ಬಿಚ್ಚಿದ್ದರೂ ಬಲಗೈಯನ್ನು ಯಾಕೋ ಮುಂದೆ ಮಾಡಲಿಲ್ಲ. ಅಣ್ಣಪ್ಪ.

*

ಬೆಳಗಾವಿ
೪ ಫೆಬ್ರುವರಿ ೧೯೩೪

ಅಲ್ಲವ್ವ ತಂಗಿಗೆ,

ಈ ಪತ್ರವನ್ನು ನಿನಗೆ ಬರೆಯುತ್ತಿದ್ದೇನೆ. ಮಾಸ್ತರರು ಹಟ್ಟಿಗೇ ಬಂದು ನಿನ್ನೊಬ್ಬಳಿಗೆ ಓದಿ ಹೇಳಲಿ.

ಬೀರಸಿದ್ದಪ್ಪನಿಗೆ ದೇವರ ಮೇಲೆ ಭಕ್ತಿ ಇರುವುದನ್ನು ನಾನು ಬಲ್ಲೆ. ಭಯ ಇರುವುದನ್ನೂ ಬಲ್ಲೆ. ಬಂದರೆ ಭಯ ಖರೆ ಎಂದು ಒಪ್ಪಿದಂತಾಗುತ್ತದೆ ಎಂದು ಬರುತ್ತಿಲ್ಲ. ಗಾಯ ಮಾಯ್ದರೆ ವಿಷ ಹೋಯಿತೆಂದಲ್ಲ. ಮಾಯ್ದ ಚರ್ಮದ ಕೆಳಗೆ ಅದು ದಾರಿ ನಡೆಯುತ್ತಿರುತ್ತದೆ. ಅದು ತಲೆ ಮುಟ್ಟುವ ಮೊದಲು ಸೂಜಿ ಮುಟ್ಟಬೇಕು. ಮುಟ್ಟಿದ ಮೇಲೆ ನಾನೂ ಇಲ್ಲ, ನೀನೂ ಇಲ್ಲ, ಡಾಕ್ಟರನೂ ಇಲ್ಲ.

ಅಂದು ನಾಯಿಯ ಬಟ್ಟಲು, ಜೊಲ್ಲಿನ ಬಟ್ಟೆ ತೊಳೆದವಳು ನೀನೋ? ನಿನ್ನ ಕೈಯಲ್ಲಿ ಗಾಯ, ಬಿರುಕು ಇದ್ದವೇ? ಇದ್ದರೆ ನೀನೂ ಬಾ.

ನಿನ್ನ ಅಣ್ಣ,
ಮುರಿಗೆಪ್ಪ

*

ಮೂಡಲಗಿ
೭ ಫೆಬ್ರುವರಿ ೧೯೩೪

ಮುರಿಗೆಪ್ಪನವರಿಗೆ,

ಅಲ್ಲವ್ವನವರ ಪರವಾಗಿ ಅಣ್ಣಪ್ಪ ಬರೆಯುವುದು. ಅವರ ಗಂಡ ಇಂದು ಬೆಳಿಗ್ಗೆ ಧುಪದಾಳದ ಮೇಲಿನಿಂದ ಘಟಪ್ರಭಾ ಠೇಸಣಕ್ಕೆ ಗಾಡಿಯಲ್ಲಿ ಹೊರಟಿದ್ದಾರೆ. ಈ ಪತ್ರಕ್ಕಿಂತ ಮೊದಲೇ ಅವರು ನಿಮಗೆ ಸಿಗಬಹುದು. ಅಲ್ಲವ್ವನವರ ಕೈಯಲ್ಲಿ ಗಾಯವಿರಲಿಲ್ಲ. ಬೂದಿ ಹಾಕಿ ಕೋಲಿನಿಂದ ತಿಕ್ಕಿ ಬಟ್ಟಲು ತೊಳೆದರಂತೆ.

ನಿನ್ನೆ ನಾನು ಹಟ್ಟಿಯಲ್ಲೇ ಇದ್ದೆ. ನಡೆದದ್ದನ್ನು ನೀವು ತಿಳಿಯಬೇಕು ಎಂದು ಅಲ್ಲವ್ವನವರೇ ಬರೆಸುತ್ತಿದ್ದಾರೆ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದೆ. ಬೀರಸಿದ್ದಪ್ಪ ಕುರಿ ಹೊಡೆದುಕೊಂಡು ಬಂದ ಮೇಲೆ, ಅವರು ದಿನವೂ ಕೂಡುವ ಕಂಬಳಿಯನ್ನು ಅಲ್ಲವ್ವ ಹಟ್ಟಿಯ ನಡುವೆ ಹಾಸಿ, "ಇದು ಯಾರ ಗಾದಿ?" ಎಂದು ಕೇಳಿದರು.

"ಏನ್ ಹುಚ್ಚ ಹಿಡದೈತೇನ ನಿನಗ?" ಎಂದರು ಬೀರಸಿದ್ದಪ್ಪ.

"ನನಗ ಹಿಡದಿಲ್ಲ. ನಿನಗ ಹಿಡೀಬಾರದಂತ ಕೇಳಾಕತ್ತೇನಿ. ದೇವರ ನಾಯಿ ಗಾದಿ ಬರಿದು ಬಿಡಬಾರದಂತ ಹೊತ್ತು ಮುಣಗೂದ್ರಾಗ ಮರಿ ತಂದು ಕಟ್ಟಿದಿ. ನಿನ್ನ ಗಾದಿಗೆ ನಾ ಯಾರನ್ನ ತಂದು ಕಟ್ಟಲಿ, ಹೇಳಿ ಹೋಗು."

ಬೀರಸಿದ್ದಪ್ಪ ಬಾಗಿಲಲ್ಲೇ ನಿಂತರು. "ಗೌಡರ ಹೊಲ?" ಎಂದರು. "ಕುರಿ ನಾ ತರಬತೇನಿ. ನನಗ ಕೋಲು ಹಿಡಿಯಾಕ ಬರಾಂಗಿಲ್ಲೇನು?" ಎಂದು ಅಲ್ಲವ್ವ ಅವರ ಕೈಯಿಂದ ಕೋಲು ಕಸಿದುಕೊಂಡರು. ಆಗ ಅವರು ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಗಾಯ ಮಾಯ್ದಿತ್ತು. ಆದರೆ ಆ ಜಾಗ ಎರಡು ದಿನದಿಂದ ಜುಮುಜುಮು ಅನ್ನುತ್ತಿದೆಯಂತೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಇದನ್ನು ಕೇಳಿ ಅಲ್ಲವ್ವ ಅಳಲಿಲ್ಲ, ಬುತ್ತಿ ಕಟ್ಟಿದರು. ಜುಮುಜುಮು ಅನ್ನುವುದು ಏನು ಎಂದು ಡಾಕ್ಟರರನ್ನು ಕೇಳಿ ಬರೆಯಿರಿ ಎಂದು ನನ್ನ ಕೈ ಹಿಡಿದು ಹೇಳಿದ್ದಾರೆ. ನಿಜವನ್ನೇ ಬರೆಯಬೇಕಂತೆ.

ಅಣ್ಣಪ್ಪ

*

ಬೆಳಗಾವಿ
೧೧ ಫೆಬ್ರುವರಿ ೧೯೩೪

ಅಲ್ಲವ್ವ ತಂಗಿಗೆ,

ನಿಜವನ್ನೇ ಬರೆಯುತ್ತೇನೆ. ಬೀರಸಿದ್ದಪ್ಪನಿಗೆ ಬಂದ ದಿನವೇ ಸೂಜಿ ಶುರುವಾಯಿತು. ಜುಮುಜುಮು ಅನ್ನುವುದು ಗಾಯ ಮಾಯುವಾಗಿನ ನವೆಯೂ ಇರಬಹುದು, ಆ ರೋಗದ ಮೊದಲ ಸೂಚನೆಯೂ ಇರಬಹುದು. ಯಾವುದು ಎಂದು ಈಗ ಹೇಳಲು ಬರುವುದಿಲ್ಲ ಎಂದರು ಡಾಕ್ಟರರು. ದಿನವೂ ಕೇಳುತ್ತಾರೆ. ನಿನ್ನೆಯಿಂದ ಕಡಿಮೆಯಾಗಿದೆ ಎಂದು ಅವನು ಹೇಳುತ್ತಾನೆ. ನಮ್ಮನ್ನು ಸಮಾಧಾನ ಮಾಡಲು ಹೇಳುತ್ತಾನೋ ಏನೋ, ತಿಳಿಯದು.

ಸೂಜಿ ಹಾಕುವಾಗ ಚನ್ನವ್ವ ಅವನ ಕೈ ಹಿಡಿದುಕೊಂಡು ಕೂಡುತ್ತಾಳೆ. "ಕಾಕಾ, ಅಳಬ್ಯಾಡ, ನಂದು ಇವತ್ತಿಗೆ ಮುಗೀತು" ಎಂದಳು. ಅಳುತ್ತಿದ್ದವನು ಅವನಲ್ಲ, ನಾನು.

ನಾಳೆ ನಾವು ಹುಕ್ಕೇರಿಗೆ ಹೋಗುತ್ತೇವೆ. ಅವನೊಂದಿಗೆ ಕೆಂಚಪ್ಪ ಇರುತ್ತಾನೆ.

ಮುರಿಗೆಪ್ಪ

*

ಹುಕ್ಕೇರಿ
೩ ಮಾರ್ಚ್ ೧೯೩೪

ಬೀರಾ,

ನೀನು ಹಟ್ಟಿ ಮುಟ್ಟಿದ ಸುದ್ದಿ ಬಂತು. ಸೂಜಿ ಮುಗಿದರೂ ಭಯ ಮುಗಿಯಲಿಲ್ಲ. ತಡವಾಗಿ ಬಂದವರಿಗೆ ಪೂರಾ ಭರವಸೆ ಕೊಡಲಾರೆವು, ಕೆಲವು ತಿಂಗಳು ನೋಡಬೇಕು ಎಂದು ಡಾಕ್ಟರರು ಹೇಳಿದ್ದು ನಿನಗೂ ಗೊತ್ತು.

ನಮ್ಮ ಮನೆಯಲ್ಲಿ ಬೆಳಗು ಹೇಗಾಗುತ್ತದೆ ಎಂದು ಬರೆಯುತ್ತೇನೆ. ಚನ್ನವ್ವ ಏಳುತ್ತಾಳೆ. ಶಿವವ್ವ ತಂಬಿಗೆ ಕೊಡುತ್ತಾಳೆ. ಅವಳು ನೀರು ನುಂಗುವವರೆಗೆ ನಾವಿಬ್ಬರೂ ಉಸಿರಾಡುವುದಿಲ್ಲ. ಇದು ಅವಳಿಗೆ ತಿಳಿದುಬಿಟ್ಟಿದೆ. ಮೊನ್ನೆ ತಂಬಿಗೆ ಬಾಯಿಗೆ ಹಿಡಿದು, ಕಣ್ಣು ಅಗಲಿಸಿ, ನುಂಗದೆ ನಮ್ಮನ್ನೇ ನೋಡುತ್ತಾ ಕುಳಿತಳು. ಶಿವವ್ವ ಕುಸಿದು ಬಿದ್ದಳು. ಕೂಸು ಹೆದರಿ ನೀರನ್ನೆಲ್ಲ ಮೈಮೇಲೆ ಉಗುಳಿ, "ಚ್ಯಾಷ್ಟಿ ಮಾಡಿದೆ ಅವ್ವಾ, ಚ್ಯಾಷ್ಟಿ ಮಾಡಿದೆ" ಎಂದು ಅತ್ತಳು. ಆಮೇಲೆ ನಮ್ಮನ್ನು ನಗಿಸಲು ಇಡೀ ತಂಬಿಗೆ ಕುಡಿದಳು.

ಇನ್ನು ಮೇಲೆ ನಮ್ಮ ಪತ್ರದಲ್ಲಿ ಕ್ಷೇಮ ಎಂಬ ಮಾತು ಬೇಡ. ಕ್ಷೇಮ ಎಂದು ಯಾರು ಬೇಕಾದರೂ ಬರೆಯುತ್ತಾರೆ. ನೀರು ಕುಡಿದೆವೋ ಇಲ್ಲವೋ, ಅದನ್ನು ಬರೆಯೋಣ.

ಚನ್ನವ್ವ ನೀರು ಕುಡಿದಳು.

ಮುರಿಗೆಪ್ಪ

*

ಮೂಡಲಗಿ
೧೮ ಮಾರ್ಚ್ ೧೯೩೪

ನೀರು ಕುಡಿದೆ. ಜುಮುಜುಮು ನಿಂತಿದೆ. ಉದ್ದಪ್ಪಗೌಡರು ಅಲ್ಲವ್ವನ ಕುರಿ ಕಾಯುವ ಕೆಲಸ ಮೆಚ್ಚಿ ಮುಂದಿನ ವರ್ಷವೂ ಅವಳೇ ಬರಲಿ ಎಂದಿದ್ದಾರೆ. ಕೂಸಿನ ಕಂಬಳಿ ಕಳಿಸಿದ್ದೇನೆ.

ಬೀರಸಿದ್ದಪ್ಪನ ಎಡಗೈ ಹೆಬ್ಬೆಟ್ಟು

*

ಹುಕ್ಕೇರಿ
೯ ಎಪ್ರಿಲ್ ೧೯೩೪

ಕುಡಿದಳು. ಕಂಬಳಿ ಹೊದ್ದುಕೊಂಡೇ ಕುಡಿದಳು, ಈ ಬಿಸಿಲಿನಲ್ಲಿ. ನಿನ್ನದು?

ಮುರಿಗೆಪ್ಪ

*

ಹುಕ್ಕೇರಿ
೨ ಮೇ ೧೯೩೪

ಬೀರಾ, ನಿನ್ನ ಕಾರ್ಡು ಬಂದಿಲ್ಲ. ಕುಡಿದೆಯಾ? ಒಂದೇ ಶಬ್ದ ಬರೆಸು.

ಮುರಿಗೆಪ್ಪ

*

ಹುಕ್ಕೇರಿ
೧೦ ಮೇ ೧೯೩೪

ಮಾಸ್ತರರಿಗೆ,

ಸಾಲಿಗೆ ಸೂಟಿ ಇರುವುದು ಗೊತ್ತು. ಎಲ್ಲಿದ್ದರೂ ತಿಳಿಸಿ. ಬೀರಸಿದ್ದಪ್ಪ ಹೇಗಿದ್ದಾನೆ? ಏನಾಗಿದ್ದರೂ, ಆದದ್ದನ್ನು ಆದಂತೆಯೇ ಬರೆಯಿರಿ. ಅರಾಮ ಎಂದು ಬರೆಯಬೇಡಿ.

ಮುರಿಗೆಪ್ಪ

*

ಮೂಡಲಗಿ
೧೬ ಮೇ ೧೯೩೪

ಮುರಿಗೆಪ್ಪಣ್ಣಗೆ,

ನೀರು ಕುಡಿದೆ. ಇದನ್ನೇ ಮೊದಲು ಬರೆಯಲು ಹೇಳಿದ್ದೇನೆ. ಮಾಸ್ತರರು ಸೂಟಿಗೆ ಗೋಕಾಕಕ್ಕೆ ಹೋಗಿದ್ದರು, ಬರೆಯುವವರು ಇರಲಿಲ್ಲ. ನಿನ್ನೆ ಬಂದರು. ನಿನ್ನ ಮೂರೂ ಕಾರ್ಡು ಒಟ್ಟಿಗೆ ಓದಿ ಹೇಳಿದರು. ನಿನಗೆ ಎಷ್ಟು ಭಯವಾಗಿರಬೇಕು ಎಂದು ಅಲ್ಲವ್ವ ನನ್ನನ್ನು ಬೈದಳು.

ಇನ್ನು ಮುಂದಿನದನ್ನು ನನ್ನ ಮಾತಿನಲ್ಲೇ ಬರೆಯಲಿ.

"ನಾಯಿ ಸತ್ತೈತಿ ಅಣ್ಣಾ. ಗಾದಿ ಮ್ಯಾಲಿಂದು, ಆ ಮರಿ. ಸತ್ತೈತಿ ಅಂತಾನ ಬರಸಾಕತ್ತೇನಿ. ನಮ್ಮ ಮನ್ಯಾಗ ಈ ಮಾತು ಅಂದವ ನಾನ ಮೊದಲನೇವ.

"ಹದಿನೈದು ದಿನದ ಹಿಂದ ಅದರ ಕಣ್ಣು ಒಂಥರಾ ಆದವು. ಕರದ್ರ ಬರವಲ್ದು. ಕಟ್ಟಿದ ಗೂಟಾ ಕಡಿಯಾಕತ್ತಿತು. ಮರುದಿನ ದವಡಿ ಜೋತು ಬಿತ್ತು. ಅದ ದವಡಿ, ಅದ ಜೊಲ್ಲು. ನನ್ನ ಕೈ ತಾನ ಮುಂದ ಹೋತು, ಖರೇ ಹೇಳತೇನಿ. ಅಲ್ಲವ್ವ ಹಿಂದಿಂದ ರಟ್ಟಿ ಹಿಡದು ಜಗ್ಗಿದ್ಲು. ನೀರಿನ ಬಟ್ಟಲಾ ಕೋಲಿಲೆ ಸರಸಿ ಇಟ್ಟೆ. ಅದು ಬಟ್ಟಲಾ ನೋಡಿ ನಡಗಿತು. ನನಗ ನೋಡಾಕ ಆಗಲಿಲ್ಲ, ಬೆನ್ನ ತಿರಿವಿ ಕುಂತೆ. ಮೂರನೇ ದಿನ ಸತ್ತಿತು. ಕೈಲೆ ಮುಟ್ಟಲಿಲ್ಲ, ಸಲಿಕಿಲೆ ಎತ್ತಿ ಆಳ ತೆಗ್ಗಿನ್ಯಾಗ ಸುಣ್ಣಾ ಹಾಕಿ ಮುಚ್ಚಿದೆ.

"ಆಮ್ಯಾಲ ದುರ್ಗಪ್ಪನ ಕರದು ಊರಾಗ ಹಲಗಿ ಬಾರಸಂದೆ. ಮೈಲಾರಯ್ಯನ ನಾಯಿ ಹುಚ್ಚ ಹಿಡದು ಸತ್ತೈತಿ, ಅದರ ಹಲ್ಲು ಉಗರು ಜೊಲ್ಲು ತಾಗಿದವರು ಇದ್ರ ಮುಂದ ಬರ್ರಿ ಅಂತ ಸಾರಂದೆ. ಅವ ಹಲಗಿ ಕೆಳಗಿಟ್ಟ. 'ಈ ಮಾತು ನನ್ನ ಬಾಯಿಲೆ ಅನಸಬ್ಯಾಡೋ ಬೀರಪ್ಪಾ' ಅಂದ. ಹಂಗಾರ ನೀ ಬಾರಸು, ನಾ ಸಾರತೇನಿ ಅಂದೆ. ಓಣಿ ಓಣಿ ತಿರಗಿ ನಾನ ಸಾರಿದೆ. ನಮ್ಮ ಕಾಕಾ ಸತ್ತೆಪ್ಪ ಕಟ್ಟಿ ಮ್ಯಾಲ ಕುಂತು, 'ನಾಲಿಗಿ ಬಿದ್ದೀತಲೇ ನಿಂದು!' ಅಂತ ಒದರಿದ. ಬಿದ್ರ ಬೀಳಲಿ ಅಂದೆ.

"ಹೊತ್ತು ಮುಣಗೂ ಮುಂದ ತಾಯವ್ವನ ಸೊಸಿ ಹನಮವ್ವ ಅಂಜಕೋತ ಬಂದ್ಲು. ವಾರದ ಹಿಂದ ಮರಿ ಹಗ್ಗಾ ಹರಕೊಂಡು ಹೋದಾಗ ಅಕೀ ಹಿಮ್ಮಡಕ್ಕ ಬಾಯಿ ಹಾಕಿತ್ತಂತ. ದೇವರ ನಾಯಿ ಅಂತ ಸುಮ್ಮನಿದ್ಲಂತ. ಬಾವಿ ದಂಡಿ ಮ್ಯಾಲ ಕುಂದರಿಸಿ ಸಾಬಾನ ಹಚ್ಚಿ ಕೊಡಗಟ್ಲೆ ನೀರು ಸುರದ್ಲು ಅಲ್ಲವ್ವ. ಮರುದಿನಾನ ಅಕೀನ್ನ ಗಂಡನ ಜೋಡಿ ಬೆಳಗಾವಿಗೆ ಕಳಿಸಿದೆ. ಅಕೀ ಬಸರ ಅದಾಳ ಅಣ್ಣಾ. ನಾ ಸುಮ್ಮನ ಇನ್ನೊಂದು ಮರಿ ತಂದು ಕಟ್ಟಿದ್ರ ಅಕೀ ಬರತಿದ್ದಿಲ್ಲ.

"ಗಾದಿ ಬರಿದೈತಿ. ಗಂಟಿ ಗೂಟಕ್ಕ ಹಾಕೇನಿ. ಗಾಳಿ ಬಂದಾಗ ಗಣಗಣ ಅನತೈತಿ, ಅಲ್ಲವ್ವ ಬೆಚ್ಚಿ ಬೀಳತಾಳ. ನಾನೂ ಬೀಳತೇನಿ. ಹನಮವ್ವ ಬಂದು ಅಕೀ ಕೂಸು ಹೊರಗ ಬಂದು ಇಬ್ಬರೂ ನೀರು ಕುಡಿಯೂಮಟ ಆ ಗಾದಿ ಮ್ಯಾಲ ಯಾರನ್ನೂ ಕುಂದರಸಂಗಿಲ್ಲ. ಮೈಲಾರಯ್ಯಗ ಹೇಳೇನಿ.

"ನಮ್ಮ ಕೂಸು ಇವತ್ತ ನೀರು ಕುಡದಳೇನು? ಬರಿ."

ಬೀರಸಿದ್ದಪ್ಪನ ಬಲಗೈ ಹೆಬ್ಬೆಟ್ಟು